ಊರಲ್ಲೇ ಹೆರಿಗೆ ಸೌಲಭ್ಯವಿರುವಾಗ ಜಿಲ್ಲಾ ಆಸ್ಪತ್ರೆಗೆ ಏಕೆ?

ಪ್ರಶ್ನೆ: ನಮ್ಮ ಸೊಸೆಗೆ ಈಗ ಎಂಟು ತಿಂಗಳು. ಬಿ.ಪಿ. 150/100 ಇದ್ದು, ಮೂತ್ರದಲ್ಲಿ ಪ್ರೋಟೀನ್ ಕೂಡ ಕಾಣಿಸಿಕೊಂಡಿದೆ. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಾರಾದರೂ ಅಲ್ಲಿನ ವೈದ್ಯರೇ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದಾರೆ. ಅವರು ಜವಾಬ್ದಾರಿ ಕಳಚಿಕೊಳ್ಳುತ್ತಿದ್ದಾರೆ, ನೋವು ಬಂದ ಮೇಲೆ ನೋಡೋಣ ಎಂಬುದು ಮನೆಯ ಹಿರಿಯರ ಮಾತು. ಏನು ಮಾಡುವುದು?
– ಓದುಗರೊಬ್ಬರು, ಸುರಪುರ ತಾಲ್ಲೂಕು

ಉತ್ತರ: ದಯವಿಟ್ಟು ನೋವಿಗಾಗಿ ಕಾಯಬೇಡಿ, ಇದನ್ನು ಓದಿದ ದಿನವೇ ತಾಯಿ ಕಾರ್ಡ್ ಸಮೇತ ಅವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ವೈದ್ಯರು ತಮ್ಮ ಜವಾಬ್ದಾರಿಯನ್ನು ಸರಿಯಾಗಿಯೇ ನಿರ್ವಹಿಸಿದ್ದಾರೆ. ನೀವು ಬರೆದಿರುವ ಲಕ್ಷಣಗಳು ಪ್ರಿ-ಎಕ್ಲಾಂಪ್ಸಿಯಾ ಎಂಬ ತೊಂದರೆಯನ್ನು ಸೂಚಿಸುತ್ತವೆ. ಅದು ಉಲ್ಬಣಿಸಿದರೆ ತಾಯಿಗೆ ಫಿಟ್ಸ್ ಬರಬಹುದು, ಮತ್ತು ಅವಧಿಗೆ ಮುನ್ನವೇ ಹೆರಿಗೆ ಮಾಡಿಸಬೇಕಾಗಬಹುದು.

ಹಾಗೆ ಬೇಗ ಹುಟ್ಟಿದ ಮಗುವಿಗೆ ಉಸಿರಾಟದ ನೆರವು, ಮೈ ಬೆಚ್ಚಗಿಡುವ ವಾರ್ಮರ್, ಹಗಲಿರುಳು ನೋಡಿಕೊಳ್ಳುವ ನರ್ಸ್‌ಗಳು ಬೇಕು; ಇವೆಲ್ಲ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ ಸಿಗುತ್ತವೆ. 1800 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳನ್ನು ಅಲ್ಲಿಯೇ ಇರಿಸಿಕೊಳ್ಳುತ್ತಾರೆ. ಹುಟ್ಟಿದ ಮೇಲೆ ಎಳೆಗೂಸನ್ನು ಆಂಬುಲೆನ್ಸ್‌ನಲ್ಲಿ ಸಾಗಿಸುವುದಕ್ಕಿಂತ, ಅದು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಕರೆದೊಯ್ಯುವುದು ಎಷ್ಟೋ ಸುರಕ್ಷಿತ. 34 ವಾರ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿದ್ದರೆ, ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದಕ್ಕೂ ಸಮಯ ಸಿಗುತ್ತದೆ.

ಆದರೆ ಚೀಟಿ ಬರೆದು ಕಳಿಸಿದರಷ್ಟೇ ಸಾಲದು. ಕಳಿಸುವ ವೈದ್ಯರು ಮುಂದಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ತಿಳಿಸಬೇಕು. ಫಿಟ್ಸ್‌ನ ಸೂಚನೆಯಿದ್ದರೆ ಮ್ಯಾಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಟ್ಟೇ ಕಳಿಸಬೇಕು. ಇದಾಗದೆ ಗರ್ಭಿಣಿಯರು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ. 2018–20ರ ಲೆಕ್ಕದಂತೆ ಲಕ್ಷ ಸಜೀವ ಜನನಗಳಿಗೆ ಕೇರಳದಲ್ಲಿ 19 ತಾಯಂದಿರು ಸತ್ತರೆ ನಮ್ಮಲ್ಲಿ 69 ಮಂದಿ ಸತ್ತಿದ್ದಾರೆ. ಕಟ್ಟಡಗಳನ್ನು ಕಟ್ಟಿದಷ್ಟೇ ಆಸ್ಥೆಯಿಂದ ಆಸ್ಪತ್ರೆಗಳ ನಡುವಿನ ಈ ಕೊಂಡಿಯನ್ನೂ ಬಲಪಡಿಸಬೇಕೆಂದು ನಾನು ದೃಢವಾಗಿ ನಂಬಿದ್ದೇನೆ.

ಖರ್ಚಿಗೆ ಅಂಜಬೇಕಾಗಿಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಊಟ, ವಾಹನ ಎಲ್ಲವೂ ಉಚಿತ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದ ನೋವು ಕಾಣಿಸಿಕೊಂಡರೆ ತಕ್ಷಣ 108ಕ್ಕೆ ಕರೆಮಾಡಿ.

ಹೆರಿಗೆಯಾದ ಕೂಡಲೇ ಈ ಅಪಾಯ ಕಳೆಯುವುದಿಲ್ಲ. ಬಾಣಂತಿಗೂ ಫಿಟ್ಸ್ ಬರಬಹುದು. ಆದ್ದರಿಂದ ಬಿಡುಗಡೆಯ ಚೀಟಿಯನ್ನು ನಿಮ್ಮ ಆಶಾ ಕಾರ್ಯಕರ್ತೆಗೆ ತೋರಿಸಿ. ಅವರು 42 ದಿನಗಳವರೆಗೆ ಮನೆಗೆ ಬಂದು ತಾಯಿ-ಮಗುವನ್ನು ನೋಡುತ್ತಾರೆ. ಆ ಅವಧಿಯಲ್ಲಿ ಸೊಸೆಯ ಬಿ.ಪಿ.ಯನ್ನು ನಿಮ್ಮೂರಿನ ಕೇಂದ್ರದಲ್ಲೇ ಪರೀಕ್ಷಿಸುತ್ತಿರಬಹುದು.