ಜಾರ್ಜಿಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ರಜೆಯಲ್ಲಿ ಮೈಸೂರಿನಲ್ಲಿ ಮೆಡಿಸಿನ್ ಪೋಸ್ಟಿಂಗ್ (ವಾರ್ಡಿನ ತರಬೇತಿ) ಮಾಡಬಹುದೇ?

ನೀವು ನಾಲ್ಕನೇ ವರ್ಷದಲ್ಲಿದ್ದೀರಿ, ಊರು ಮಂಡ್ಯ, ಜುಲೈ-ಆಗಸ್ಟ್ ರಜೆ ಇದೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಿಮ್ಸ್‌ನಲ್ಲೋ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಜನರಲ್ ಮೆಡಿಸಿನ್ ಪೋಸ್ಟಿಂಗ್ ಮಾಡಿದರೆ ಕೋರ್ಸಿನ ಲೆಕ್ಕಕ್ಕೆ ಬರುತ್ತದೆಯೇ, ಯಾರನ್ನು ಕೇಳಬೇಕು, ಹೋದ ಮೇಲೆ ಏನು ಮಾಡಬೇಕು ಎಂದು ಕೇಳಿದ್ದೀರಿ.

ಲೆಕ್ಕದ ವಿಷಯ ಮೊದಲು ಮುಗಿಸೋಣ: ಬರುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನವೆಂಬರ್ 18ರ ನಿಯಮದ ಪ್ರಕಾರ, ವಿದೇಶದಲ್ಲಿ ಓದುವವರು ಕನಿಷ್ಠ 54 ತಿಂಗಳ ಕೋರ್ಸನ್ನೂ ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ಪನ್ನೂ ಅದೇ ವಿದೇಶಿ ಸಂಸ್ಥೆಯಲ್ಲೇ ಮುಗಿಸಬೇಕು. ತರಬೇತಿಯ ಯಾವ ಭಾಗವನ್ನೂ ಭಾರತದಲ್ಲಾಗಲಿ ಮೂರನೇ ದೇಶದಲ್ಲಾಗಲಿ ಮಾಡುವಂತಿಲ್ಲ. ಹಾಗಾಗಿ ನೀವು ಕೇಳಬೇಕಾದ್ದು ಅಬ್ಸರ್ವರ್‌ಶಿಪ್, ಅಂದರೆ ಜೊತೆಗಿದ್ದು ನೋಡಿ ಕಲಿಯುವ ಅವಕಾಶ. ಅರ್ಜಿಯಲ್ಲೂ ಸರ್ಟಿಫಿಕೇಟಿನಲ್ಲೂ ಅದೇ ಪದ ಇರಲಿ. 'ಕ್ಲಿನಿಕಲ್ ರೊಟೇಶನ್' ಎಂದು ಬರೆಸಿಕೊಂಡು ಅಲ್ಲಿನ ಕಾಲೇಜಿನಲ್ಲಿ ಗಂಟೆ ತುಂಬಿಸಲು ಹೋದರೆ ನಾಳೆ ಇಲ್ಲಿ ನೋಂದಣಿ ಮಾಡಿಸುವಾಗ ನಿಮಗೇ ಉರುಳಾಗುತ್ತದೆ. ಇಲ್ಲಿನ ಕಾಲೇಜುಗಳಲ್ಲೇ ಓದುವವರಿಗೆ ಎಲೆಕ್ಟಿವ್ (ತಾವೇ ಆರಿಸಿಕೊಳ್ಳುವ ಪೋಸ್ಟಿಂಗ್) ಎಂಬ ದಾರಿ ಇದೆ, ಅದು ಅವರ ಕಾಲೇಜಿನ ಮೂಲಕವೇ ಆಗಬೇಕು. ನಿಮಗೆ ಅದು ಅನ್ವಯಿಸುವುದಿಲ್ಲ.

ಲೆಕ್ಕಕ್ಕಿಲ್ಲದಿದ್ದರೂ ಬನ್ನಿ ಎಂದೇ ಹೇಳುತ್ತೇನೆ. ನೀವು ಮುಂದೆ ನೋಡಬೇಕಾದ ರೋಗಿಗಳು ಇಲ್ಲಿದ್ದಾರೆ, ಅವರ ಮಾತು ನಿಮಗೆ ಬರುತ್ತದೆ.

ಅರ್ಜಿ ಕೆ.ಆರ್. ಆಸ್ಪತ್ರೆಗಾದರೆ ಮೈಸೂರು ಮೆಡಿಕಲ್ ಕಾಲೇಜಿನ ನಿರ್ದೇಶಕರ ಹೆಸರಿಗೆ ಹೋಗಬೇಕು. ಮಂಡ್ಯದಲ್ಲಾದರೆ ಮಿಮ್ಸ್ ನಿರ್ದೇಶಕರಿಗೆ. ನಿಮ್ಮ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಅವರ ನಿರಾಕ್ಷೇಪಣಾ ಪತ್ರ (ಇಂಗ್ಲಿಷಿನಲ್ಲಿ, ಸೀಲಿನೊಂದಿಗೆ), ಪಾಸ್‌ಪೋರ್ಟ್ ಮತ್ತು ಆಧಾರ್ ಪ್ರತಿ, ಫೋಟೋಗಳು, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಜೊತೆಗಿರಲಿ. ಲಸಿಕೆ ಆಗಿಲ್ಲದಿದ್ದರೆ ಈಗಲೇ ಶುರು ಮಾಡಿ: 0, 1, 6 ತಿಂಗಳು ಎಂದು ಮೂರು ಡೋಸ್ ಇರುವುದರಿಂದ ಹೊರಡುವ ವಾರ ನೆನಪಾದರೆ ಪ್ರಯೋಜನವಿಲ್ಲ. ಅರ್ಜಿ ಕೊಟ್ಟು ಸುಮ್ಮನೆ ಕೂರಬೇಡಿ. ಒಂದು ಪ್ರತಿಯನ್ನು ಮೆಡಿಸಿನ್ ವಿಭಾಗದ ಮುಖ್ಯಸ್ಥರಿಗೆ ಕೊಟ್ಟು, 'ವಿಭಾಗದ ಅಭ್ಯಂತರವಿಲ್ಲ' ಎಂಬ ಷರಾ ಹಾಕಿಸಿಕೊಂಡರೆ ಕಡತ ಬೇಗ ಮುಂದೆ ಹೋಗುತ್ತದೆ. ಎರಡು-ಮೂರು ತಿಂಗಳು ಮೊದಲೇ ಶುರು ಮಾಡಿ. ಮನೆ ಮಂಡ್ಯದಲ್ಲೇ ಇದ್ದರೆ ನನ್ನ ಸಲಹೆ ಮಿಮ್ಸ್. ಓಡಾಟದಲ್ಲಿ ಹೋಗುವ ಹೊತ್ತು ವಾರ್ಡಿನಲ್ಲಿ ಉಳಿಯುತ್ತದೆ. ಬೆಳಗಿನ ರೌಂಡ್ಸ್‌ಗಿಂತ ಮೊದಲು ಪಿಜಿಗಳು (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು) ಕೇಸ್ ನೋಡುವ ಒಂದು ಗಂಟೆಯಲ್ಲಿ ಕಲಿಯುವಷ್ಟು ರೌಂಡ್ಸ್‌ನಲ್ಲೂ ಕಲಿಯುವುದಿಲ್ಲ.

ಮೆಡಿಸಿನ್ ವಿಭಾಗ ಯೂನಿಟ್‌ಗಳಾಗಿ ಹಂಚಿರುತ್ತದೆ. ಪ್ರತಿ ಯೂನಿಟ್‌ಗೂ ಒಬ್ಬರು ಚೀಫ್, ಅವರ ಕೆಳಗೆ ಸಹಾಯಕ ಪ್ರಾಧ್ಯಾಪಕರು, ಪಿಜಿಗಳು, ಹೌಸ್ ಸರ್ಜನ್‌ಗಳು (ಇಂಟರ್ನ್‌ಗಳು), ಅವರದೇ ಓಪಿಡಿ ದಿನ, ಅಡ್ಮಿಷನ್ ದಿನ. ಹೊರಗಿನಿಂದ ಬರುವವರು ಸಾಮಾನ್ಯವಾಗಿ ವಾರಕ್ಕೊಂದು ಯೂನಿಟ್, ನಡುವೆ ಎರಡು ದಿನ ಐಸಿಯು, ಒಂದು ದಿನ ಡಯಾಲಿಸಿಸ್ ಎಂದು ಸುತ್ತಾಡಿ ಹೋಗುತ್ತಾರೆ. ಹಾಗೆ ಮಾಡಬೇಡಿ. ಒಂದೇ ಯೂನಿಟ್‌ನಲ್ಲಿ ಪೂರ್ತಿ ಇರಿ. ಅಡ್ಮಿಷನ್ ದಿನ ಬಂದವರಲ್ಲಿ ಮೂವರನ್ನು ಆರಿಸಿಕೊಂಡು ಡಿಸ್ಚಾರ್ಜ್ ಆಗುವವರೆಗೆ ದಿನಾ ನೋಡಿ. ಜ್ವರ ಇಳಿದ ಮೇಲೆ ಡೆಂಗಿ ರೋಗಿ ಹೇಗೆ ಹದಗೆಡಬಲ್ಲ ಎಂಬುದು ಒಂದು ದಿನದ ಭೇಟಿಯಲ್ಲಿ ಕಾಣುವುದಿಲ್ಲ. ಪ್ಲೇಟ್‌ಲೆಟ್ ಸಂಖ್ಯೆಯ ಮೇಲೇ ಎಲ್ಲರ ಕಣ್ಣಿರುವಾಗ ಹೊಟ್ಟೆನೋವು, ಬಿಡದ ವಾಂತಿ, ಏರುತ್ತಿರುವ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ತಣ್ಣಗಾದ ಕೈಕಾಲು ತಪ್ಪಿಹೋಗುತ್ತವೆ. ಜ್ವರದ ಮೂರನೇ ದಿನದಿಂದ ಏಳನೇ ದಿನದವರೆಗೆ ಅದೇ ಹಾಸಿಗೆಯ ಪಕ್ಕ ನಿಂತವರಿಗೆ ಅದು ಮರೆಯುವುದಿಲ್ಲ.

ರೋಗಿಯನ್ನು ಮುಟ್ಟುವ ಮೊದಲು ಪಿಜಿಗೂ ರೋಗಿಗೂ ಹೇಳಿ, ಒಪ್ಪಿಗೆ ಪಡೆಯಿರಿ. ಕೇಸ್ ಶೀಟಿನಲ್ಲಿ ಬರೆಯುವುದು, ರಕ್ತ ತೆಗೆಯುವುದು, ಇಂಜೆಕ್ಷನ್ ಕೊಡುವುದು ನಿಮ್ಮ ಕೆಲಸವಲ್ಲ. ಅಷ್ಟಾದರೂ ಮಾಡಲು ಬೇಕಾದಷ್ಟಿದೆ.

ಉಸಿರಾಟದ ಲೆಕ್ಕದಿಂದ ಶುರು ಮಾಡಿ. ವಾರ್ಡಿನ ಎಷ್ಟೋ ಹಾಳೆಗಳಲ್ಲಿ 18 ಅಥವಾ 20 ಎಂದು ಎಣಿಸದೇ ಬರೆದಿರುತ್ತದೆ. ನಾಡಿ ಹಿಡಿದುಕೊಂಡೇ ಇರಿ, ಕಣ್ಣು ಮಾತ್ರ ಎದೆಯ ಮೇಲಿರಲಿ, ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತದೆ. 28 ಬಂದರೆ ತಕ್ಷಣ ಪಿಜಿಗೆ ಹೇಳಿ. ಬಿಪಿ ಬೀಳುವ ಮೊದಲೇ ಎಷ್ಟೋ ಸಲ ಉಸಿರು ಸುದ್ದಿ ಕೊಡುತ್ತದೆ.

ಕೀಟನಾಶಕ ಕುಡಿದು ಬಂದವರು ಈ ಭಾಗದ ವಾರ್ಡುಗಳಲ್ಲಿ ಇದ್ದೇ ಇರುತ್ತಾರೆ. ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕವಾಗಿದ್ದರೆ, ಅದಕ್ಕೆ ಕೊಡುವ ಅಟ್ರೋಪಿನ್ ಔಷಧಿಯಿಂದ ಸುಧಾರಿಸಿ, ಎದೆಯಲ್ಲಿ ತುಂಬಿದ ದ್ರವ ಒಣಗಿ, ಎಲ್ಲರೂ ನಿರಾಳವಾದ ಮೇಲೆ, ಒಂದರಿಂದ ನಾಲ್ಕನೇ ದಿನದೊಳಗೆ ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಸೋಲಬಹುದು. ದಿನಕ್ಕೆ ಎರಡು-ಮೂರು ಸಲ ಹೋಗಿ, 'ದಿಂಬಿನಿಂದ ತಲೆ ಎತ್ತಿ ನೋಡೋಣ' ಎನ್ನಿ. ಬೆಳಿಗ್ಗೆ ಎತ್ತಿದವರು ಸಂಜೆ ಎತ್ತಲಾಗದಿದ್ದರೆ ಅಲ್ಲೇ ನಿಲ್ಲಬೇಡಿ, ಪಿಜಿಯನ್ನು ಕರೆಯಿರಿ. ಅವರಿಗೆ ವೆಂಟಿಲೇಟರ್ ಬೇಕಾಗಬಹುದು.

ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡು ಬಂದವರಿಗೆ 20 ನಿಮಿಷದ ರಕ್ತ ಪರೀಕ್ಷೆ ಮಾಡುವಾಗ ಗಡಿಯಾರ ನೋಡುವ ಕೆಲಸ ಕೇಳಿ ಪಡೆದುಕೊಳ್ಳಿ. ಹೊಸ, ಒಣ, ಗಾಜಿನ ಟೆಸ್ಟ್ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, ಅಲುಗಿಸದೆ ನಿಲ್ಲಿಸಿ, 20 ನಿಮಿಷಕ್ಕೆ ಒಂದೇ ಸಲ ಬಗ್ಗಿಸಿ ನೋಡುವುದು. ರಕ್ತ ಹರಿದರೆ ಹೆಪ್ಪುಗಟ್ಟಿಲ್ಲ ಎಂದರ್ಥ, ಕೊಳಕು ಮಂಡಲದ ವಿಷ ಏರಿರಬಹುದು. ಸೋಪಿನಲ್ಲಿ ತೊಳೆದ ಟ್ಯೂಬ್ ಅಥವಾ ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ ವಿಷವಿಲ್ಲದಿದ್ದರೂ ರಕ್ತ ಹೆಪ್ಪುಗಟ್ಟದೇ ಉಳಿಯಬಹುದು, ಏಕೆಂದರೆ ಆ ಕ್ರಿಯೆಗೆ ಚಾಲನೆ ಕೊಡುವುದು ಶುದ್ಧ ಗಾಜಿನ ಮೇಲ್ಮೈ. ನಾಗರಹಾವು, ಕಟ್ಟುಹಾವು ಕಚ್ಚಿದವರಲ್ಲಿ ರಕ್ತ ಸರಿಯಾಗೇ ಹೆಪ್ಪುಗಟ್ಟುತ್ತದೆ. ಆ ವಿಷ ಕೆಲಸ ಮಾಡುವುದು ನರಗಳ ಮೇಲೆ, ಹಾಗಾಗಿ ಅವರಲ್ಲಿ ರೆಪ್ಪೆ ಜೋತುಬೀಳುತ್ತಿದೆಯೇ ಎಂದು ಮತ್ತೆ ಮತ್ತೆ ನೋಡಬೇಕು.

ಕಾರಣ ಸಿಗದ ಜ್ವರವಿದ್ದರೆ ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಉಡಿದಾರದ ಜಾಗ ನೋಡಲು ಮರೆಯದಿರಿ. ಬೀಡಿ ಸುಟ್ಟಂಥ ಕಪ್ಪು ಚಕ್ಕೆ ಕಂಡರೆ ಸ್ಕ್ರಬ್ ಟೈಫಸ್ (ಸಣ್ಣ ಹುಳು ಕಚ್ಚಿ ಬರುವ ಜ್ವರ) ಇರಬಹುದು. ಆ ಚಕ್ಕೆ ನೋಯುವುದಿಲ್ಲ, ಹಾಗಾಗಿ ರೋಗಿ ತಾನಾಗಿ ಹೇಳುವುದಿಲ್ಲ. ಮಹಿಳೆಯರಾದರೆ ಪರದೆ ಎಳೆದು, ಸಿಸ್ಟರ್ ಜೊತೆಗಿದ್ದಾಗಲೇ ನೋಡಿ.

ಹಿಸ್ಟರಿ ತೆಗೆಯುವಾಗ ರೋಗಿ 'ಗ್ಯಾಸ್ಟ್ರಿಕ್ ಸಾರ್' ಎಂದರೆ ಹಾಗೇ ಬರೆದುಕೊಳ್ಳಬೇಡಿ. ಕೈಯಿಟ್ಟು ನೋವಿನ ಜಾಗ ತೋರಿಸಲು ಹೇಳಿ. ನಡೆದಾಗ ಹೆಚ್ಚಾಗುತ್ತಾ, ಬೆವರು ಬರುತ್ತಾ, ಎಡಗೈಗೋ ದವಡೆಗೋ ಹೋಗುತ್ತಾ ಎಂದು ಕೇಳಿ. ಹೌದೆಂದರೆ ಅದು ಹೃದಯದ ನೋವಿರಬಹುದು, ಮೊದಲು ಇಸಿಜಿ ಆಗಲಿ, ಉಳಿದ ಪ್ರಶ್ನೆ ಆಮೇಲೆ.

ರೋಗಿಯ ಹೆಸರು, ಕೇಸ್ ಶೀಟ್, ಎಕ್ಸ್-ರೇ ಫೋಟೋ ನಿಮ್ಮ ವಾಟ್ಸಾಪಿಗೆ ಹೋಗಬಾರದು. ಟಿಪ್ಪಣಿ ಪುಸ್ತಕದಲ್ಲಿ ವಯಸ್ಸು, ಲಕ್ಷಣ, ದಿನದಿನದ ಬದಲಾವಣೆ ಇದ್ದರೆ ಸಾಕು. ಅದನ್ನು ವಾರಕ್ಕೊಮ್ಮೆ ಸಹಾಯಕ ಪ್ರಾಧ್ಯಾಪಕರಿಗೆ ತೋರಿಸಿ ಸಹಿ ಹಾಕಿಸಿ. ಚೀಫ್ ಪರೀಕ್ಷಾ ಡ್ಯೂಟಿಗೆ ಬೇರೆ ಊರಿಗೆ ಹೋಗಿರಬಹುದು, ಆದ್ದರಿಂದ ಸರ್ಟಿಫಿಕೇಟಿನ ಅರ್ಜಿಯನ್ನು ಕೊನೆಯ ದಿನಕ್ಕೆ ಉಳಿಸದೆ ಒಂದು ವಾರ ಮುಂಚೆಯೇ ವಿಭಾಗದ ಕಚೇರಿಯಲ್ಲಿ ಕೊಟ್ಟುಬಿಡಿ.