ಶಾರ್ಜಾದಲ್ಲಿ ತಮ್ಮನ ಪಗಾರ ನಿಂತಿದೆ, ಕಡಿಮೆ ಖರ್ಚಿನ ನಂಬಿಗಸ್ತ ವಕೀಲರು ಎಲ್ಲಿ ಸಿಗುತ್ತಾರೆ?

ಅಕ್ಕಾರ, ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಗದಗಿನ ಹುಡುಗ, 4 ತಿಂಗಳ ಪಗಾರ ಬಾಕಿ, ‘ಸಹಿ ಮಾಡು, ಟಿಕೆಟ್ ಕೊಡ್ತೀವಿ’ ಅನ್ನುವ ಮ್ಯಾನೇಜರ್, ನಡುವೆ ಬಂದು ‘2,000 ದಿರ್ಹಾಮ್ ಕೊಡ್ರಿ, ನಾ ಬಗೀಹರಸ್ತೀನಿ’ ಅನ್ನುವ ಕನ್ನಡದ ಮನುಷ್ಯ. ಊರಿನ ಹೆಸರೊಂದು ಬದಲಿಸಿದರೆ ಇದು 2023ರಲ್ಲಿ ನನಗೆ ಆದದ್ದೇ.

ನಾನು ಸವಣೂರಿನವನು. ಹಾವೇರಿಯಲ್ಲಿ ಐಟಿಐ ಮುಗಿಸಿ 2018ರ ಜೂನ್‌ನಲ್ಲಿ ಎಸಿ ಮೆಕ್ಯಾನಿಕ್ ಕೆಲಸಕ್ಕೆ ಶಾರ್ಜಾಕ್ಕೆ ಹೋದೆ. ಕಳಿಸಿದ ಏಜೆಂಟ್ 95,000 ರೂಪಾಯಿ ತೆಗೆದುಕೊಂಡ. ಅವ್ವನ ಬಳೆ ಒತ್ತೆ ಇಟ್ಟು ಕೊಟ್ಟಿದ್ದು. ಮೂಲ ವೇತನ 1,200 ದಿರ್ಹಾಮ್, ಎಲ್ಲ ಸೇರಿ 1,800. ನಾಲ್ಕು ವರ್ಷ ಎಲ್ಲ ಸರಿಯಿತ್ತು. ಐದನೇ ವರ್ಷ ಪಗಾರ ಮೊದಲು ಹತ್ತು ದಿನ ತಡವಾಯಿತು, ಆಮೇಲೆ ತಿಂಗಳು, ಆಮೇಲೆ ನಿಂತೇಹೋಯಿತು. ಮೂರು ತಿಂಗಳ ಪಗಾರ 5,400. ಗ್ರಾಚ್ಯುಟಿ ಅಂದರೆ ಅಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ. ನನ್ನ ಲೆಕ್ಕಕ್ಕೆ 4,200. ಒಟ್ಟು 9,600 ದಿರ್ಹಾಮ್, ನಮ್ಮ ರೊಕ್ಕದಲ್ಲಿ ಎರಡು ಲಕ್ಷಕ್ಕೂ ಮೇಲೆ. ಈ ಲೆಕ್ಕ ನನಗೆ ಆಗ ಗೊತ್ತಿರಲಿಲ್ಲ, ಊರಿಗೆ ಬಂದ ಮೇಲೆ ಮಾಡಿದ್ದು.

ಆಗ ಒಬ್ಬರು ಸಿಕ್ಕರು. ಸರ್ಕಾರಿ ಅರ್ಜಿ ಟೈಪ್ ಮಾಡಿಕೊಡುವ ಒಂದು ಟೈಪಿಂಗ್ ಸೆಂಟರಿನಲ್ಲಿ ಕೂಡುತ್ತಿದ್ದರು, ನಮ್ಮ ಕಡೆಯವರು, ವಯಸ್ಸಾದವರು. ಮೊದಲ ಮಾತೇ ‘ದೊಡ್ಡಹುಣಸಿ ಮಠದಿಂದ ನಿಮ್ಮ ಮನಿ ಯಾವ ಕಡೆ ತಮ್ಮಾ?’ ಅಂತ. ಐದು ವರ್ಷ ಹಿಂದಿ ಮಾತಾಡಿ ಮಾತಾಡಿ ಬೇಸತ್ತವನಿಗೆ ಸವಣೂರಿನ ಆ ಮಠದ ಮೂರು ದೊಡ್ಡಹುಣಸಿ ಮರ ನೋಡಿದವರು ಸಿಕ್ಕರೆ ಏನಾಗುತ್ತದೆ ಹೇಳಿ. ನಾನು ಅಲ್ಲೇ ಕರಗಿಹೋದೆ. 1,500 ದಿರ್ಹಾಮ್ ಎರಡು ಕಂತಿನಲ್ಲಿ ಕೊಟ್ಟೆ. ರಸೀದಿ ಕೇಳಲು ನಾಚಿಕೆಯಾಯಿತು. ಅವರು ವಕೀಲರೋ ಅಲ್ಲವೋ ಅಂತಲೂ ಕೇಳಲಿಲ್ಲ. ‘ಲೀಗಲ್ ಕೆಲಸ ಎಲ್ಲಾ ನಂದೇ’ ಅಂದಿದ್ದರು, ಅಷ್ಟೇ ಸಾಕಾಗಿತ್ತು.

ಅವರು ಹೇಳಿದ ದಾರಿ ಇದು: ಮೊದಲು ಕಂಪನಿ ಕೊಡುವ ಕ್ಯಾನ್ಸಲೇಶನ್ ಕಾಗದಕ್ಕೆ ಸಹಿ ಮಾಡು, ವೀಸಾ ಕ್ಯಾನ್ಸಲ್ ಆಗಲಿ, ಹಿಸಾಬ್ ಆಮೇಲೆ ಖಾತೆಗೆ ಬರುತ್ತದೆ. ಮಾಡದಿದ್ದರೆ ‘ಓಡಿಹೋದ’ ಅಂತ ಕೇಸ್ ಹಾಕುತ್ತಾರೆ.

ಆ ಕಾಗದ ಇವತ್ತಿಗೂ ಕಣ್ಣ ಮುಂದೆ ಇದೆ. ಬಲಕ್ಕೆ ಅರಬ್ಬಿ, ಎಡಕ್ಕೆ ಇಂಗ್ಲಿಷ್. ಕೆಳಗೆ ಸಣ್ಣ ಅಕ್ಷರದ ಒಂದು ಸಾಲು: ನನಗೆ ಬರಬೇಕಾದ ಎಲ್ಲ ಬಾಕಿಯನ್ನೂ ಪಡೆದಿದ್ದೇನೆ. ಆ ಇಂಗ್ಲಿಷ್ ನನಗೆ ಓದಲು ಬರುತ್ತಿತ್ತು ಅಕ್ಕಾರ. ಓದಿದೆ. ಓದಿ ಪಿಆರ್‌ಓ ಮುಖ ನೋಡಿದೆ, ಕಂಪನಿಯ ವೀಸಾ ಕಾಗದಪತ್ರ ನೋಡಿಕೊಳ್ಳುವವನು. ಅವನು ‘ಫಾರ್ಮಾಲಿಟಿ’ ಅಂದ. ನಮ್ಮ ಹಿರಿಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ‘ಎಲ್ಲಾರೂ ಮಾಡತಾರ, ಮಾಡಿ ಬಿಡು, ನಾ ಅದೀನಿ’ ಅಂದರು. ಸಹಿ ಮಾಡಿ ಹೆಬ್ಬೆಟ್ಟೂ ಒತ್ತಿದೆ. 1,000 ದಿರ್ಹಾಮ್ ಕೈಯಲ್ಲಿಟ್ಟು ಟಿಕೆಟ್ ಕೊಟ್ಟರು.

ಎಲ್ಲರೂ ನನ್ನ ತಪ್ಪು 1,500 ಕೊಟ್ಟದ್ದು ಅಂದುಕೊಳ್ಳುತ್ತಾರೆ. ಅಲ್ಲ. ಆ ರೊಕ್ಕ ಹೋದರೆ ಹೋಗಲಿ. ತಪ್ಪು ಆ ಒಂದು ಸಹಿ. ಅಲ್ಲಿಯವರೆಗೆ ಕಂಪನಿ ನನಗೆ ಸಾಲಗಾರ. ಕೊಟ್ಟಿದ್ದೇವೆ ಅಂತ ತೋರಿಸುವುದು ಅವರ ಹೊಣೆ, ಅವರ ಹತ್ತಿರ ತೋರಿಸಲು ಏನೂ ಇರಲಿಲ್ಲ. ಸಹಿ ಬಿದ್ದ ಮೇಲೆ ಅವರ ಕೈಯಲ್ಲಿ ನನ್ನದೇ ಹೆಬ್ಬೆಟ್ಟಿನ ಪುರಾವೆ ಇದೆ, ಸುಳ್ಳು ಅಂತ ಸಾಬೀತು ಮಾಡಬೇಕಾದವನು ನಾನು. ಜೊತೆಗೆ ವೀಸಾ ಹೋಯಿತು, ದೇಶ ಬಿಟ್ಟೆ, ಕಟಕಟೆಯಲ್ಲಿ ನಿಲ್ಲಬೇಕಾದ ಮನುಷ್ಯನೇ ಸವಣೂರಿನಲ್ಲಿ ಕೂತಿದ್ದ. ಒಂದು ಗೀರಿನಲ್ಲಿ ಮೂರೂ ಕಳೆದುಕೊಂಡೆ.

ನನ್ನ ರೂಮಿನಲ್ಲೇ, ನನ್ನ ಮೇಲಿನ ಮಂಚದಲ್ಲಿ ಕರೀಂನಗರದ ಹುಡುಗ ಇದ್ದ. ಅದೇ ಕಂಪನಿ, ಅಷ್ಟೇ ಬಾಕಿ. ಅವನಿಗೆ ಕನ್ನಡದ ಹಿರಿಯರು ಸಿಗಲಿಲ್ಲ, ಹಾಗಾಗಿ ಮೊಬೈಲ್ ಆ್ಯಪ್‌ನಲ್ಲಿ ತಾನೇ ದೂರು ಹಾಕಿದ. ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ಎಲ್ಲರೂ ಮೋಹ್ರೆ ಅನ್ನುತ್ತಾರೆ. ದೂರಿಗೆ ಶುಲ್ಕವಿಲ್ಲ. 14 ದಿನದೊಳಗೆ ಎರಡೂ ಕಡೆಯವರನ್ನು ಕರೆದು ಬಗೆಹರಿಸಲು ನೋಡುತ್ತಾರೆ, ಆಗದಿದ್ದರೆ ಕೋರ್ಟಿಗೆ ಕಳಿಸುತ್ತಾರೆ. ಅವನ ವಿಷಯ ಕೋರ್ಟಿನವರೆಗೆ ಹೋಗಲೇ ಇಲ್ಲ. ಕಂಪನಿ ಎರಡು ಕಂತಿನಲ್ಲಿ ಕೊಟ್ಟಿತು. ಖಾತೆಗೆ ಬಿದ್ದ ಮೇಲೆ ಅವನು ಸಹಿ ಮಾಡಿದ.

ನಾನು ಊರಿನಿಂದ ಆ ಹಿರಿಯರಿಗೆ ಹತ್ತು ತಿಂಗಳು ಫೋನ್ ಹಚ್ಚಿದೆ. ‘ಮುಂದಿನ ತಿಂಗಳು ತಮ್ಮಾ’ ಅಂದರು, ಆಮೇಲೆ ಎತ್ತುವುದನ್ನೇ ಬಿಟ್ಟರು. ಕೊನೆಗೆ ಹಾವೇರಿ ಕೋರ್ಟಿನಲ್ಲಿ ಒಬ್ಬ ವಕೀಲರನ್ನು ಕಂಡೆ. ಚಾಳೀಸು ಹಾಕಿಕೊಂಡು ಮೊಬೈಲಿನಲ್ಲಿದ್ದ ಕಾಗದದ ಫೋಟೋ ದೊಡ್ಡದು ಮಾಡಿ ಮಾಡಿ ಓದಿದರು. ‘ಎಲ್ಲಾ ಮುಟ್ಟೇತಿ ಅಂತ ನೀನ ಬರದ ಕೊಟ್ಟೀಯಲ್ಲಪಾ’ ಅಂದರು. ಆಗ ಅಲ್ಲಿ ದಾವೆಗೆ ಒಂದೇ ವರ್ಷದ ಅವಧಿ. ಉಳಿದದ್ದು ಎರಡು ತಿಂಗಳು. ಅಷ್ಟರಲ್ಲಿ ಮುಖ್ತ್ಯಾರನಾಮೆ ಬರೆಸಿ, ನೋಟರಿ ಮಾಡಿಸಿ, ನಮ್ಮ ವಿದೇಶಾಂಗ ಸಚಿವಾಲಯದ ಮೊಹರು, ಆಮೇಲೆ ಆ ದೇಶದ ರಾಯಭಾರ ಕಚೇರಿಯ ಮೊಹರು, ಅರಬ್ಬಿ ಅನುವಾದ, ಅಲ್ಲಿ ನಿಲ್ಲಲು ಒಬ್ಬ ವಕೀಲ. ಖರ್ಚು ಕೂಡಿಸಿ ತೋರಿಸಿ, ‘ಇದಕ್ಕ ಕೈ ಹಾಕಬ್ಯಾಡ’ ಅಂದರು. ಫೀಸು ಕೊಡಲು ಹೋದರೆ ಕೈ ಅಡ್ಡ ಹಿಡಿದರು. ನನಗೆ ಸಿಕ್ಕ ನಂಬಿಗಸ್ತ ವಕೀಲರು ಅವರೇ, ಆದರೆ ಮುಗಿದ ಮೇಲೆ ಸಿಕ್ಕರು.

ಅದಕ್ಕೇ ಹೇಳುತ್ತೇನೆ, ನೀವು ಕೇಳುತ್ತಿರುವ ಪ್ರಶ್ನೆಯೇ ಸರಿಯಿಲ್ಲ ಅಕ್ಕಾರ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ತಮ್ಮನಿಗೆ ಈಗ ಬೇಕಾದದ್ದು ಅಗ್ಗದ ವಕೀಲನಲ್ಲ. ಪಗಾರದ ತಕರಾರಿನಲ್ಲಿ ಮೊದಲ ಮೆಟ್ಟಿಲಿಗೆ ವಕೀಲ ಬೇಕೇ ಇಲ್ಲ. 2024ರಿಂದ 50,000 ದಿರ್ಹಾಮ್ ಒಳಗಿನ ತಕರಾರನ್ನು ಸಚಿವಾಲಯವೇ ತೀರ್ಮಾನ ಮಾಡಬಹುದು. ಅದಕ್ಕಿಂತ ಮೇಲೆ ಕೋರ್ಟಿಗೆ ಹೋದರೂ 1 ಲಕ್ಷ ದಿರ್ಹಾಮ್‌ವರೆಗಿನ ಬೇಡಿಕೆಗೆ ಕೆಲಸಗಾರನಿಗೆ ಕೋರ್ಟ್ ಶುಲ್ಕವಿಲ್ಲ. ಅವಧಿಯನ್ನೂ 2024ರಲ್ಲಿ ಕೆಲಸ ಮುಗಿದ ದಿನದಿಂದ ಎರಡು ವರ್ಷಕ್ಕೆ ಹೆಚ್ಚಿಸಿದ್ದಾರೆ. ಹಾಗಂತ ಕಾಯಬೇಡಿ, ಅವನು ಅಲ್ಲಿರುವಾಗಲೇ ಆಗಬೇಕು.

ದೂರು ಬರೆಯಲು ಅವನಿಗೆ ಧೈರ್ಯ ಸಾಲದಿದ್ದರೆ ದುಬೈ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ. ಶಾರ್ಜಾದಿಂದ 800 46342ಕ್ಕೆ ಕರೆ ಉಚಿತ. ಕಾನೂನು ಸಲಹೆಯನ್ನೂ ಉಚಿತವಾಗಿ ಕೊಡುತ್ತಾರೆ. ಅವನಿಗೆ ಹಿಂದಿ ಬಂದರೆ ಸಾಕು. ನೀವು ಗದಗಿನಲ್ಲೇ ಕೂತು ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಅವನ ಪರವಾಗಿ ದೂರು ಹಾಕಬಹುದು. ದೂರಿನ ಸಂಖ್ಯೆ ಬರೆದಿಟ್ಟುಕೊಂಡು ಬೆನ್ನು ಹತ್ತಿ. ನಮ್ಮಂಥವರ ಫೋನ್ ಮರೆಯುತ್ತಾರೆ, ಸಂಖ್ಯೆ ಬಿದ್ದ ಕಾಗದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು.

ಅವನು ಕೆಲಸಕ್ಕೆ ಹೋಗುವುದನ್ನು ಮಾತ್ರ ತಾನಾಗಿ ಬಿಡಬಾರದು. ಹೇಳದೆ ಸತತ ಏಳು ದಿನಕ್ಕಿಂತ ಹೆಚ್ಚು ಗೈರಾದರೆ ಕಂಪನಿ ಅವನ ಮೇಲೆಯೇ ದೂರು ಕೊಡಬಹುದು. ನನ್ನನ್ನು ಹೆದರಿಸಿದ ‘ಓಡಿಹೋದ’ ಕೇಸ್ ಅಂದರೆ ಇದು. ಸಹಿ ಮಾಡದಿದ್ದರೆ ಬರುವ ಕೇಸ್ ಅಲ್ಲ. ಪಾಸ್‌ಪೋರ್ಟ್ ಕಂಪನಿಯಲ್ಲಿದೆ ಅಂತ ಬರೆದಿದ್ದೀರಿ, ಹಾಗೆ ಇಟ್ಟುಕೊಳ್ಳಲು ಅಲ್ಲಿನ ಕಾನೂನಿನಲ್ಲೂ ಅವಕಾಶವಿಲ್ಲ. ದೂರಿನಲ್ಲಿ ಅದನ್ನೂ ಬರೆಸಿ. ಒಪ್ಪಂದದ ಪ್ರತಿ, ಎಮಿರೇಟ್ಸ್ ಐಡಿ, ಪಗಾರ ಬಂದಾಗಿನ ಬ್ಯಾಂಕ್ ಮೆಸೇಜ್‌ಗಳು, ಡ್ಯೂಟಿ ಹಾಜರಿ, ಎಲ್ಲದರ ಫೋಟೋ ಇವತ್ತೇ ನಿಮ್ಮ ಮೊಬೈಲಿಗೆ ಬರಲಿ. ಅವನ ಫೋನ್ ಕಳೆದರೂ ನಿಮ್ಮ ಹತ್ತಿರ ಇರಬೇಕು.

ವಕೀಲ ಬೇಕಾಗುವುದು ಬೇರೆ ಸಂದರ್ಭಕ್ಕೆ: ಪೊಲೀಸ್ ಕೇಸ್, ಬ್ಯಾಂಕ್ ಸಾಲದ ಕೇಸ್, ಅಪಘಾತ. ಆಗಲೂ ಮೊದಲು ಕಾನ್ಸುಲೇಟನ್ನೇ ಕೇಳಿ. ಕೈಯಲ್ಲಿ ಏನೂ ಇಲ್ಲದವರಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ವಕೀಲರ ಖರ್ಚಿಗೆ ನೆರವು ಕೊಡುವ ವ್ಯವಸ್ಥೆ ಇದೆ. ಯಾರೇ ಆಗಲಿ ವಕೀಲ ಅಂತ ಬಂದರೆ ಲೈಸೆನ್ಸ್, ಫೀಸಿನ ಬರವಣಿಗೆ, ರಸೀದಿ, ಈ ಮೂರೂ ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಆ 2,000 ದಿರ್ಹಾಮ್ ಕೇಳುವವರನ್ನೂ ಕೇಳಿ ನೋಡಿ. ಕನ್ನಡ ಮಾತಾಡುತ್ತಾರೆ ಅನ್ನುವುದು ಲೈಸೆನ್ಸ್ ಅಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಪರದೇಶದಲ್ಲಿ ನನಗೆ ಅನ್ನ ಹಾಕಿದವರೂ ನಮ್ಮ ಕಡೆಯವರೇ.

ಊರ ಕಡೆಯ ಕೆಲಸಕ್ಕೆ ಗದಗಿನ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕು, ಹಾಗಾಗಿ ಅರ್ಜಿ ನಿಮ್ಮ ಹೆಸರಿನಲ್ಲೇ ಹಾಕಿ. ತಮ್ಮನನ್ನು ಕಳಿಸಿದ ಏಜೆಂಟ್ ಎಷ್ಟು ತೆಗೆದುಕೊಂಡ ಅನ್ನುವುದನ್ನೂ ಅವರಿಗೆ ಹೇಳಿ. ಲೈಸೆನ್ಸ್ ಇರುವ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಲೈಸೆನ್ಸ್ ಇದೆಯೋ ಇಲ್ಲವೋ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಕಾಣುತ್ತದೆ. ನನ್ನ ಏಜೆಂಟನ ಹೆಸರು ಅದರಲ್ಲಿ ಇರಲೇ ಇಲ್ಲ.

ಶಾರ್ಜಾದ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಅವನು ಕ್ಯಾಂಪ್ ಮುಟ್ಟುವುದು ಎಂಟಕ್ಕೆ ಅಂತ ಹಿಡಿದರೂ ಇಲ್ಲಿ ಒಂಬತ್ತೂವರೆ. ಇವತ್ತು ಒಂಬತ್ತೂವರೆಗೇ ಫೋನ್ ಹಚ್ಚಿ. ಊಟ ಆಯ್ತೇನು ಅಂತ ಕೇಳುವ ಮೊದಲು, ಯಾವುದಾದರೂ ಕಾಗದಕ್ಕೆ ಸಹಿ ಮಾಡಿದ್ದಾನೋ ಕೇಳಿ. ಮಾಡಿಲ್ಲ ಅಂದರೆ ಇಲ್ಲಿ ಒಂದು ಸಾಲು ಬರೆಯಿರಿ, ದೂರಿನಲ್ಲಿ ಏನೇನು ಬರೆಯಬೇಕು ಅಂತ ನಾನೇ ಕೂತು ಹೇಳುತ್ತೇನೆ.