ಬೆಂಗಳೂರಲ್ಲಿ ವಾರಾಂತ್ಯದ ಗುರಿ ಅಭ್ಯಾಸಕ್ಕೆ ಕಡಿಮೆ ಬೆಲೆಯ ಪಾಯಿಂಟ್ 22 ರೈಫಲ್ ಯಾವುದು ತಗೊಳ್ಳಲಿ?

ನೀವು ಕೇಳಿದ್ದು ಇಷ್ಟು: ಬೆಂಗಳೂರಲ್ಲಿ ಕೆಲಸ, ಶನಿವಾರ ಭಾನುವಾರ ಬಿಡುವು, ಕೈಯಲ್ಲಿ ಮೂವತ್ತು ಸಾವಿರದಷ್ಟು ದುಡ್ಡು. ಕಾಗದದ ಗುರಿಗೆ ಹೊಡೆಯಲು ಒಂದು ಸಣ್ಣ ರೈಫಲ್ ಬೇಕು, ಪಾಯಿಂಟ್ 22 ಆದರೆ ಒಳ್ಳೆಯದು. ಬೇಟೆ ಬೇಡ, ಮೆಡಲ್ ಬೇಡ, ಖುಷಿಗೆ ಅಷ್ಟೇ. ಮನೆಯಲ್ಲಿ ಹೊಡೆಯಬಹುದಾ ಅನ್ನುವುದೂ ನಿಮ್ಮ ಪ್ರಶ್ನೆ.

ನೇರವಾಗಿ ಹೇಳುತ್ತೇನೆ. ಈ ದುಡ್ಡಿಗೆ, ಈ ಊರಿಗೆ ಪಾಯಿಂಟ್ 22 ಬೇಡ. ಪಾಯಿಂಟ್ 177 ಏರ್‌ರೈಫಲ್ ತಗೊಳ್ಳಿ, ಅಂದರೆ ಮದ್ದಿಲ್ಲದೆ ಗಾಳಿಯ ಒತ್ತಡದಿಂದ ಹೊಡೆಯುವಂಥದ್ದು. ಈ ಅಂಕಿಗಳು ನಳಿಗೆಯ ಅಳತೆ, ಇಂಚಿನಲ್ಲಿ. ಅದಕ್ಕೂ ಮೊದಲು ಒಂದಷ್ಟು ವಾರ ಯಾವುದಾದರೂ ರೇಂಜ್‌ಗೆ, ಅಂದರೆ ಗುರಿ ಅಭ್ಯಾಸದ ಜಾಗಕ್ಕೆ ಹೋಗಿ ಅಲ್ಲಿನ ಗನ್‌ನಲ್ಲೇ ಹೊಡೆಯಿರಿ. ನನ್ನ ಲೆಕ್ಕದಲ್ಲಿ ಅಗ್ಗದ ರೈಫಲ್ ಅಂದರೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ್ದಲ್ಲ. ಪ್ರತಿ ವಾರ ಯೋಚನೆ ಮಾಡದೆ ನೂರು ಗುಂಡು ಹೊಡೆಯಲು ಬಿಡುವಂಥದ್ದು.

ಕಾನೂನಿನ ವಿಷಯ ಮೊದಲು ಮುಗಿಸಿಬಿಡೋಣ. ಪಾಯಿಂಟ್ 22 ತೋಟಾ (ಮದ್ದು ತುಂಬಿದ ಗುಂಡು) ಹಾಕುವ ರೈಫಲ್ ಎಷ್ಟೇ ಸಣ್ಣದಾದರೂ ಬಂದೂಕೇ. ಅದಕ್ಕೆ ಲೈಸೆನ್ಸ್ ಬೇಕು. ನಗರದಲ್ಲಿ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್ ಕಚೇರಿಗೆ. ಪೊಲೀಸ್ ವಿಚಾರಣೆ ಆಗುತ್ತದೆ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತಾರೆ, 21 ವರ್ಷ ತುಂಬಿರಬೇಕು. ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕೆಂದೇ ಪಾಯಿಂಟ್ 22 ರೈಫಲ್‌ಗೆ ಲೈಸೆನ್ಸ್ ಕೊಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಅವಕಾಶ ಇದೆ. ಅಂದರೆ ಆ ದಾರಿಯೂ ಕ್ಲಬ್ಬಿನ ಮೂಲಕವೇ ಹೋಗುತ್ತದೆ. ಲೈಸೆನ್ಸ್ ಸಿಕ್ಕ ಮೇಲೂ ಚುನಾವಣೆ ಬಂದರೆ ಬಂದೂಕನ್ನು ಠಾಣೆಯಲ್ಲಿ ಜಮಾ ಮಾಡಬೇಕಾಗಿ ಬರಬಹುದು.

ಏರ್‌ರೈಫಲ್ ಹಾಗಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಅಳತೆ 4.5 ಮಿ.ಮೀ. ಮೀರದೆ, ಹೊಡೆತದ ಶಕ್ತಿ 20 ಜೌಲ್ ಮೀರದೆ ಇದ್ದರೆ ಲೈಸೆನ್ಸ್ ಬೇಡ. ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು ಬಿಲ್ ತಗೊಂಡರೆ ಆಯಿತು. ಆ 4.5 ಮಿ.ಮೀ. ಅನ್ನುವುದೇ ಪಾಯಿಂಟ್ 177. ಇಲ್ಲಿ ಒಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಹೊರದೇಶದವರು ಪಾಯಿಂಟ್ 22 ಏರ್‌ರೈಫಲ್ ತೋರಿಸುತ್ತಾರಲ್ಲ, 5.5 ಮಿ.ಮೀ. ಪೆಲೆಟ್ (ಏರ್‌ರೈಫಲ್ಲಿನ ಸಣ್ಣ ಸೀಸದ ಗುಂಡು) ಹಾಕುವಂಥದ್ದು, ನಮ್ಮಲ್ಲಿ ಅದಕ್ಕೂ ಲೈಸೆನ್ಸ್ ಬೇಕು. ಗಾಳಿಯಲ್ಲಿ ನಡೆಯುವುದು ಅಂತ ಸುಮ್ನೆ ಆರ್ಡರ್ ಮಾಡಿಬಿಡಬೇಡಿ.

ನಿಮಗೆ ಕೊಡಗಿನ ಗೆಳೆಯರಿದ್ದರೆ ಇನ್ನೊಂದು ಮಾತು. ಅಲ್ಲಿನ ಕೈಲ್ ಮುಹೂರ್ತ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿಯೇ ಎಷ್ಟೋ ಜನರಿಗೆ ಈ ಆಸೆ ಹುಟ್ಟುತ್ತದೆ. ಆದರೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಅನ್ನುವ ಕೊಡಗಿನ ಹಳೆಯ ಪದ್ಧತಿಯ ಭೂಮಿ ಹಿಡುವಳಿದಾರರಿಗೆ ಇರುವುದು, ನಮಗಲ್ಲ. ಗೆಳೆಯರ ಕೋವಿ ಅವರ ಮನೆಯಲ್ಲೇ ಇರಲಿ.

ಇನ್ನು ಖರ್ಚಿನ ಮಾತು. ಗುರಿಗೆಂದೇ ಮಾಡಿದ ಒಳ್ಳೆಯ ಪೆಲೆಟ್ ಒಂದಕ್ಕೆ ಎರಡು ಮೂರು ರೂಪಾಯಿ ಬೀಳುತ್ತದೆ. ಪಾಯಿಂಟ್ 22 ತೋಟಾ ಅದರ ಹಲವು ಪಟ್ಟು. ಜೊತೆಗೆ ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದು ಅಂತ ಲೈಸೆನ್ಸಿನಲ್ಲಿ ಮಿತಿ ಇರುತ್ತದೆ. ಹೊಡೆಯುವ ಜಾಗವೂ ಅಷ್ಟೇ ಕಷ್ಟ. ಪಾಯಿಂಟ್ 22 ಗುಂಡು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ಅದಕ್ಕೆ ಹಿಂದೆ ಮಣ್ಣಿನ ದಿಬ್ಬವೋ ದಪ್ಪ ಗೋಡೆಯೋ ಇರುವ 50 ಮೀಟರ್ ರೇಂಜ್ ಬೇಕು. ಅಂಥದ್ದು ಊರಲ್ಲಿ ಬೀದಿಗೊಂದು ಸಿಗುವುದಿಲ್ಲ. 10 ಮೀಟರ್ ಏರ್‌ರೈಫಲ್ ರೇಂಜ್ ಆದರೆ ಒಂದು ಹಾಲ್ ಇದ್ದರೆ ಸಾಕು. ಹಾಗಾಗಿ ಬಡಾವಣೆಗಳಲ್ಲೂ ಅಂಥ ಅಕಾಡೆಮಿಗಳು ಇವೆ. ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್‌ಗೆ ಸೇರಿದ ಕ್ಲಬ್ ಆಗಿದ್ದರೆ ಮುಂದೆ ಸ್ಪರ್ಧೆಗೆ ಹೋಗುವ ಮನಸ್ಸಾದರೂ ದಾರಿ ಸುಲಭ.

'ಹತ್ತೇ ಮೀಟರಾ?' ಅಂತ ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿನ ಗುರಿಯ ಕಾಗದದಲ್ಲಿ ಕಪ್ಪು ವೃತ್ತ 30.5 ಮಿ.ಮೀ., ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಪೆಲೆಟ್ಟೇ 4.5 ಮಿ.ಮೀ. ಇರುವುದರಿಂದ ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ. ಅಂದರೆ ನಿಮ್ಮ ಹೊಡೆತ ನಡುವಿನಿಂದ ಎರಡೂವರೆ ಮಿ.ಮೀ.ಗಿಂತ ಜಾಸ್ತಿ ಆಚೀಚೆ ಹೋಗಬಾರದು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ 400ಕ್ಕೆ 400 ಹೊಡೆದರು. ನಲವತ್ತು ಗುಂಡು, ನಲವತ್ತೂ ಹತ್ತು! ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್ ಫೈನಲ್ ತಲುಪಿದರು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದಿದ್ದೂ ಇದೇ ಹತ್ತು ಮೀಟರಿನಲ್ಲಿ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ ಹದಿಹರೆಯದಲ್ಲೇ 2023ರಲ್ಲಿ ಭಾರತಕ್ಕೆ ಒಲಿಂಪಿಕ್ ಕೋಟಾ, ಅಂದರೆ ಸ್ಪರ್ಧಿಸಲು ಒಂದು ಸ್ಥಾನ, ತಂದಿದ್ದೂ ಇದರಲ್ಲೇ. ಈ ದೂರದಲ್ಲಿ ಕಲಿಯುವುದು ಮುಗಿಯುವುದೇ ಇಲ್ಲ.

ಈಗ ರೈಫಲ್. ನಿಮ್ಮ ಬಜೆಟ್ಟಿಗೆ ಸಿಗುವುದು ಸ್ಪ್ರಿಂಗ್ ಅಥವಾ ಗ್ಯಾಸ್ ಪಿಸ್ಟನ್ ರೈಫಲ್, ನಳಿಗೆಯನ್ನು ಮಡಚಿ ಲೋಡ್ ಮಾಡುವ ಬಗೆ. ಮಡಚಿದಾಗ ಒಳಗಿನ ಸ್ಪ್ರಿಂಗೋ ಅನಿಲವೋ ಒತ್ತಿಕೊಳ್ಳುತ್ತದೆ, ಟ್ರಿಗರ್ ಎಳೆದಾಗ ಅದು ಪಿಸ್ಟನ್ನನ್ನು ಮುಂದೆ ತಳ್ಳಿ ಗಾಳಿಯಿಂದ ಪೆಲೆಟ್ ಹಾರಿಸುತ್ತದೆ. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಬಲೂನ್ ಹೊಡೆಯಲು ಕೊಡುತ್ತಾರಲ್ಲ, ಅದೇ ಜಾತಿ. ಅಲ್ಲಿನ ಗನ್ನುಗಳು ದಿನಕ್ಕೆ ಸಾವಿರ ಹೊಡೆತ ತಿಂದು ಗುರಿ ನೋಡುವ ಸೈಟ್ ಸೊಟ್ಟಗಾಗಿರುತ್ತವೆ. ಹೊಸದಾಗಿ ಚೆನ್ನಾಗಿ ಮಾಡಿದ್ದು ಬೇರೆಯೇ ಇರುತ್ತದೆ. ನಮ್ಮ ದೇಶದಲ್ಲೇ ಪ್ರಿಸಿಹೋಲ್ ಕಂಪನಿಯವರು ಸ್ಪ್ರಿಂಗ್, ಗ್ಯಾಸ್ ಪಿಸ್ಟನ್, ಪಿಸಿಪಿ (ಇದೇನು ಅಂತ ಮುಂದೆ ಹೇಳುತ್ತೇನೆ) ಮೂರೂ ಮಾಡುತ್ತಾರೆ. ಅವರ ಸ್ಪ್ರಿಂಗ್ ರೈಫಲ್ ನಿಮ್ಮ ದುಡ್ಡಿಗೆ ಬಂದು, ಪೆಲೆಟ್ಟಿಗೂ ಕ್ಲಬ್ ಶುಲ್ಕಕ್ಕೂ ಉಳಿಯುತ್ತದೆ. ನಾನಾಗಿದ್ದರೆ ಅಲ್ಲಿಂದ ಶುರು ಮಾಡುತ್ತಿದ್ದೆ.

ಪಿಸಿಪಿ ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ರೈಫಲ್, ಸುಮಾರು 200 ಬಾರ್ ಒತ್ತಡ. ಒದೆತವೇ ಇಲ್ಲ ಅನ್ನುವಷ್ಟು ಕಡಿಮೆ. ಕಲಿಯಲು ಅದೇ ಸುಲಭ, ಅದರಲ್ಲಿ ಅನುಮಾನ ಇಲ್ಲ. ಆದರೆ ಬಜೆಟ್ ಮೀರುತ್ತದೆ, ಮೇಲೆ ಪಂಪಿನ ಖರ್ಚು. ಹೆಮರ್ಲಿ, ವಾಲ್ಥರ್, ಫೈನ್‌ವರ್ಕ್‌ಬಾವ್‌ನಂಥ ಸ್ಪರ್ಧೆಯ ರೈಫಲ್‌ಗಳು ಹೊಸದಾಗಿ ಲಕ್ಷದ ಮಾತು. ಅವನ್ನು ರೇಂಜ್‌ನಲ್ಲಿ ಬಾಡಿಗೆಗೆ ಹೊಡೆದು ರುಚಿ ನೋಡಿ.

ಅಂಗಡಿಗೆ ಹೋದಾಗ ಮೊದಲು ಕಿವಿಗೆ ಬೀಳುವುದು ವೇಗದ ಲೆಕ್ಕ. 'ಸಾರ್, ಇದು ಸಾವಿರ ಎಫ್‌ಪಿಎಸ್' ಅಂತಾರೆ, ಅಂದರೆ ಪೆಲೆಟ್ ಸೆಕೆಂಡಿಗೆ ಸಾವಿರ ಅಡಿ ಹೋಗುತ್ತದೆ ಅಂತ. ನಿಮಗೆ ಅದು ಬೇಕಿಲ್ಲ. ಒಲಿಂಪಿಕ್ಸಿನಲ್ಲಿ ಹೊಡೆಯುವ ರೈಫಲ್ಲಿನ ಪೆಲೆಟ್ ಸೆಕೆಂಡಿಗೆ 175 ಮೀಟರಿನ ಆಸುಪಾಸು ಹೋಗುತ್ತದೆ, ಅಂದರೆ 570 ಎಫ್‌ಪಿಎಸ್. ಶಕ್ತಿ ಎಂಟು ಜೌಲ್ ಅಷ್ಟೇ. ಸ್ಪ್ರಿಂಗ್ ರೈಫಲ್ಲಿನಲ್ಲಿ ಶಕ್ತಿ ಹೆಚ್ಚಿದಷ್ಟೂ ಮಡಚಲು ಕೈಬಲ ಬೇಕು, ಒದೆತ ಜಾಸ್ತಿ, ಮೂವತ್ತು ಗುಂಡಿಗೇ ಭುಜ ಸೋಲುತ್ತದೆ. ಕಡಿಮೆ ಶಕ್ತಿಯ ಮಾಡೆಲ್ ಇದೆಯಾ ಅಂತ ನೀವೇ ಕೇಳಿ.

ಕೇಳಬೇಕಾದ್ದು ಟ್ರಿಗರ್ ಬಗ್ಗೆ. ಒಳ್ಳೆಯ ಟ್ರಿಗರ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ಸ್ವಲ್ಪ ದೂರ ಹಗುರಾಗಿ ಬರುತ್ತದೆ. ಆಮೇಲೆ ಒಂದು ಕಡೆ ಬೆರಳಿಗೆ ತಡೆ ಸಿಗುತ್ತದೆ. ಅಲ್ಲಿ ನಿಲ್ಲಿಸಿ, ಉಸಿರು ಅರ್ಧ ಬಿಟ್ಟು, ಒಂಚೂರು ಒತ್ತಿದರೆ ಸಾಕು, ಬಿಡುಗಡೆ. ಕೆಟ್ಟ ಟ್ರಿಗರಿನಲ್ಲಿ ಈ ತಡೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಮರಳು ಸಿಕ್ಕಿಕೊಂಡಂತೆ ಜರ್ ಜರ್ ಅಂತ ಬರುತ್ತದೆ, ಎಳೆಯುವ ಭಾರಕ್ಕೆ ಇಡೀ ರೈಫಲ್ ಪಕ್ಕಕ್ಕೆ ಜರುಗುತ್ತದೆ. ಹಂತ ಹಂತವಾಗಿ ಸರಿಹೊಂದಿಸಲು ಸ್ಕ್ರೂ ಇರುವ ಟ್ರಿಗರ್ ಸಿಕ್ಕರೆ ಎರಡು ಸಾವಿರ ಜಾಸ್ತಿ ಕೊಡಿ, ನಷ್ಟವಿಲ್ಲ. ಆಮೇಲೆ ನಳಿಗೆ ಮುಚ್ಚಿದ ಮೇಲೆ ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಸ್ವಲ್ಪ ಆಟ ಇದ್ದರೂ ಬೇಡ ಅನ್ನಿ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹೊಡೆದು ಪರೀಕ್ಷಿಸಬೇಡಿ, ಒಳಗಿನ ಪಿಸ್ಟನ್ ಸೀಲ್ ಹಾಳಾಗುತ್ತದೆ. ನಳಿಗೆ ಮಡಚಿರುವಾಗ ಟ್ರಿಗರ್ ಮುಟ್ಟಲೇಬೇಡಿ. ಪೆಲೆಟ್ ಇಡುವಾಗ ಇನ್ನೊಂದು ಕೈಯಲ್ಲಿ ನಳಿಗೆಯನ್ನು ಗಟ್ಟಿಯಾಗಿ ಹಿಡಿದಿರಿ. ಅದು ಪಟ್ಟನೆ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ.

ದೂರದರ್ಶಕದ ಸ್ಕೋಪ್ ಈಗ ಬೇಡ. ಸ್ಪ್ರಿಂಗ್ ರೈಫಲ್ಲಿನಲ್ಲಿ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿಗೆ ಬಡಿದಾಗ ಮುಂದಕ್ಕೆ ಜಗ್ಗುತ್ತದೆ. ಈ ಎರಡು ಕಡೆಯ ಹೊಡೆತಕ್ಕೆ ಅಗ್ಗದ ಸ್ಕೋಪ್ ಬೇಗ ಕೆಟ್ಟುಹೋಗುತ್ತದೆ. ಹತ್ತು ಮೀಟರಿಗೆ ಎಷ್ಟೋ ಸ್ಕೋಪ್‌ಗಳಲ್ಲಿ ಗುರಿ ಮಸುಕಾಗಿಯೇ ಕಾಣುತ್ತದೆ. ರೈಫಲ್ ಮೇಲೇ ಇರುವ, ಮಸೂರವಿಲ್ಲದ ಮಾಮೂಲಿ ಓಪನ್ ಸೈಟ್ ಸಾಕು. ಹಿಂದೆ ಸಣ್ಣ ರಂಧ್ರದ ಮೂಲಕ ನೋಡುವ ಪೀಪ್ ಸೈಟ್ ಕೂರಿಸಲು ಜಾಗ ಇದ್ದರೆ ಇನ್ನೂ ಒಳ್ಳೆಯದು, ಮುಂದೆ ಹಾಕಿಸಬಹುದು.

ಇದೇ ಒದೆತದ ಕಾರಣಕ್ಕೆ ಹಿಡಿತವೂ ಬೇರೆ. ಪೆಲೆಟ್ ನಳಿಗೆ ಬಿಡುವ ಮೊದಲೇ ರೈಫಲ್ ಅಲುಗಿರುತ್ತದೆ. ಬಿಗಿ ಹಿಡಿದರೆ ಪ್ರತಿ ಸಲ ಬೇರೆ ಬೇರೆ ರೀತಿ ಅಲುಗುತ್ತದೆ, ಗುಂಡು ಚದುರುತ್ತದೆ. ಮಲಗಿದ ಮಗುವಿನ ತಲೆಗೆ ಅಂಗೈ ಕೊಟ್ಟ ಹಾಗೆ ಮುಂದಿನ ಕೈಯನ್ನು ಸುಮ್ನೆ ಕೆಳಗೆ ಇಡಿ, ಹಿಡಿಯಬೇಡಿ. ಪ್ರತಿ ಸಲ ಅದೇ ಜಾಗದಲ್ಲಿ ಇಡಿ. ಅಷ್ಟಕ್ಕೇ ಕಾಗದದ ಮೇಲೆ ತೂತುಗಳ ಹರಡು ಅರ್ಧಕ್ಕೆ ಇಳಿದಿದ್ದನ್ನು ನಾನು ಹೊಸಬರಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಪೆಲೆಟ್ಟಿನಲ್ಲಿ ಜಿಪುಣತನ ಮಾಡಬೇಡಿ. ಗುರಿಗೆ ಬೇಕಾದ್ದು ಚಪ್ಪಟೆ ಮೂತಿಯದು. ಕಾಗದದಲ್ಲಿ ಅಚ್ಚು ಒತ್ತಿದಂತೆ ದುಂಡಗೆ ತೂತು ಮಾಡುತ್ತದೆ, ಅಂಕ ಓದಲು ಜಗಳವಿಲ್ಲ. ಚೂಪು ಮೂತಿಯದು ಕಾಗದ ಹರಿದುಹಾಕುತ್ತದೆ. ಡಬ್ಬಿ ತೆರೆದಾಗ ಒಂದು ಹಿಡಿ ಬಿಳಿ ಬಟ್ಟೆ ಮೇಲೆ ಸುರಿದು ಹಿಂಭಾಗದ ತೆಳು ಅಂಚು ನೋಡಿ. ಅದು ಸ್ವಲ್ಪವೇ ನೆಗ್ಗಿದ್ದರೂ ಪೆಲೆಟ್ ಪಕ್ಕಕ್ಕೆ ಇಡಿ. ಒಂದೇ ರೈಫಲ್ಲಿಗೆ ಒಂದು ಕಂಪನಿಯದು ಕೂಡಿಬರುತ್ತದೆ, ಇನ್ನೊಂದು ಬರುವುದಿಲ್ಲ. ಎಚ್ ಆಂಡ್ ಎನ್, ಆರ್‌ಡಬ್ಲ್ಯುಎಸ್, ಜೆಎಸ್‌ಬಿ ಒಂದೊಂದು ಡಬ್ಬಿಯನ್ನು ರೇಂಜ್‌ನಲ್ಲಿ ಗೆಳೆಯರ ಜೊತೆ ಹಂಚಿಕೊಂಡು ನೋಡಿ. ಪೆಲೆಟ್ ಸೀಸದ್ದು, ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿಗೆ ಕೂರಬೇಡಿ.

ಮನೆಯಲ್ಲಿ ಹೊಡೆಯಬಹುದಾ ಅಂತಲೂ ಕೇಳಿದ್ದೀರಿ. 30×40 ಸೈಟಿನ ಮನೆಯಲ್ಲಿ ಉದ್ದದ ಬದಿಯೇ 12 ಮೀಟರ್. ಗೋಡೆ, ಬಿಟ್ಟ ಜಾಗ ಕಳೆದರೆ ನೇರವಾಗಿ ಹತ್ತು ಮೀಟರ್ ಸಿಗುವುದು ಅಪರೂಪ. ಐದು ಮೀಟರ್ ಸಿಕ್ಕರೆ ಗುರಿಯನ್ನು ಅರ್ಧ ಅಳತೆಗೆ ಪ್ರಿಂಟ್ ಮಾಡಿ ಹಾಕಿ, ಕಣ್ಣಿಗೆ ಹತ್ತು ಮೀಟರಿನಷ್ಟೇ ಕಾಣುತ್ತದೆ. ಪೆಲೆಟ್ ಹಿಡಿಯಲು ಓರೆ ತಗಡಿನ ಕಬ್ಬಿಣದ ಪೆಟ್ಟಿಗೆ, ಹಿಂದೆ ಗೋಡೆ, ಬಾಗಿಲಿಗೆ ಒಳಗಿನಿಂದ ಚಿಲಕ, ಕಣ್ಣಿಗೆ ಕನ್ನಡಕ. ಇಷ್ಟೂ ಇಲ್ಲದಿದ್ದರೆ ಬೇಡ. ಟೆರೇಸ್ ಮಾತ್ರ ಯಾವ ಕಾರಣಕ್ಕೂ ಬೇಡ. ತಪ್ಪಿದ ಪೆಲೆಟ್ ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕಿಗೂ ಹೋಗಬಹುದು, ಬಟ್ಟೆ ಒಣಹಾಕುತ್ತಿರುವವರ ಕಣ್ಣಿಗೂ ಹೋಗಬಹುದು. ಪಾರಿವಾಳ, ನಾಯಿ, ಕೋತಿ ಕಡೆ ತಿರುಗಿಸುವುದು ಕ್ರೌರ್ಯ, ಕೇಸೂ ಆಗುತ್ತದೆ.

ಹಳೆಯ ಸ್ಪರ್ಧೆಯ ರೈಫಲ್ ಯಾರಾದರೂ ಮಾರುತ್ತಿದ್ದರೆ ಆಸೆ ಆಗುವುದು ಸಹಜ, ಕೆಲವೊಮ್ಮೆ ನಿಜಕ್ಕೂ ಒಳ್ಳೆಯ ವ್ಯಾಪಾರ. ಪಿಸಿಪಿ ಆಗಿದ್ದರೆ ಸಿಲಿಂಡರ್ ಮೇಲೆ ಕೊರೆದಿರುವ ತಿಂಗಳು, ವರ್ಷ ಓದಿ. ಸ್ಪರ್ಧೆಯ ರೈಫಲ್‌ಗಳ ಸಿಲಿಂಡರಿಗೆ ಹತ್ತು ವರ್ಷದ ಮಿತಿ. ಅದು ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಮಾತಾಡಿದ ದರದಿಂದ ಕಳೆಯಿರಿ. ಮೂಲ ಬಿಲ್ ಇಲ್ಲದ ರೈಫಲ್ ಮುಟ್ಟಬೇಡಿ. ರೇಂಜ್‌ಗೆ ಒಯ್ಯುವಾಗ ಬೀಗ ಹಾಕಿದ ಕೇಸಿನಲ್ಲಿ, ಬಿಲ್ಲಿನ ಜೆರಾಕ್ಸ್ ಜೊತೆಗೆ ಒಯ್ಯಿರಿ. ಮೆಟ್ರೋದಲ್ಲಿ ಬಿಡುವುದಿಲ್ಲ, ಸ್ವಂತ ಗಾಡಿಯೋ ಆಟೋವೋ ನೋಡಿಕೊಳ್ಳಿ.

ಇನ್ನೊಂದು ಕೆಲಸವನ್ನು ದುಡ್ಡು ಕೊಡುವ ಮೊದಲೇ ಮಾಡಿ. ಎರಡೂ ಕಣ್ಣು ತೆರೆದು ದೂರದ ಸ್ವಿಚ್ಚಿಗೆ ಬೆರಳು ತೋರಿಸಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಬೆರಳು ಸ್ವಿಚ್ಚಿನ ಮೇಲೇ ನಿಂತಿರುತ್ತದೋ ಅದು ನಿಮ್ಮ ಗುರಿಯ ಕಣ್ಣು. ಅದು ಎಡಗಣ್ಣಾದರೆ ರೈಫಲ್ಲನ್ನು ಎಡಭುಜಕ್ಕೆ ಕೊಟ್ಟು ಕಲಿಯುವುದೇ ಒಳ್ಳೆಯದು, ನೀವು ಬಲಗೈಯವರಾಗಿದ್ದರೂ ಸರಿ. ಆಗ ಕೆನ್ನೆ ಇಡುವ ಉಬ್ಬು ಎರಡೂ ಬದಿಗೆ ಇರುವ ಅಥವಾ ಉಬ್ಬೇ ಇಲ್ಲದ ಹಿಡಿ (ಭುಜಕ್ಕೆ ಕೊಡುವ ಹಿಂಭಾಗ) ಕೇಳಿ. ನಳಿಗೆ ಮಡಚುವ ರೈಫಲ್‌ಗಳಲ್ಲಿ ಪಕ್ಕದಲ್ಲಿ ಬೋಲ್ಟ್ (ಲೋಡ್ ಮಾಡಲು ಎಳೆಯುವ ಹಿಡಿಕೆ) ಇರುವುದಿಲ್ಲ, ಹಾಗಾಗಿ ಎಡಗಡೆಯವರಿಗೂ ಅವು ಸುಲಭವಾಗಿ ಒಗ್ಗುತ್ತವೆ.